ಹಾಯಿದೋಣಿಯ ಉಪಕರಣಗಳೂ ಟ್ರ್ಯಾಕ್ಟರ್ ವೈರಿಂಗಿನ ಕೈಗಳೂ

ಆಲಮಟ್ಟಿಯ ಲಾಲ್ ಬಹಾದ್ದೂರ್ ಶಾಸ್ತ್ರಿ ಜಲಾಶಯವು 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಅದರಲ್ಲಿ 123.08 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಈ ಅಣೆಕಟ್ಟಿನ ಕೆಳಭಾಗದಲ್ಲಿ ನಾರಾಯಣಪುರದ ಬಸವಸಾಗರವಿದ್ದು, ಅದರ ಹಿನ್ನೀರು ಮುದ್ದೇಬಿಹಾಳ ಸೀಮೆಯನ್ನು ಮುಟ್ಟುತ್ತದೆ. ಉತ್ತರಕ್ಕೆ ಇಂಡಿ ಹಾಗೂ ಹಳೆಯ ಸಿಂದಗಿ ತಾಲ್ಲೂಕುಗಳ ಎಲ್ಲೆಯಾಗಿ ಭೀಮಾ ನದಿ ಹರಿಯುತ್ತದೆ. ಬರದ ನಾಡೆಂದೇ ಹೆಸರಾದ ಪ್ರದೇಶದ ಎರಡೂ ಅಂಚುಗಳಲ್ಲಿ ಹೀಗೆ ನೀರಿದ್ದರೂ, ಆ ನೀರಿನ ಮೇಲೆ ಸಂಚರಿಸುವ ದೋಣಿಗಳಿಗೆ ಸಂಬಂಧಿಸಿದ ಉದ್ಯೋಗದ ಬಗ್ಗೆ ಇಲ್ಲಿನ ವರ್ತಕ ವಲಯದಲ್ಲಿ ಚರ್ಚೆಯಾಗುವುದು ವಿರಳ.

ಹರಿಗೋಲು ಮತ್ತು ಮೀನುಗಾರರ ಚಿಕ್ಕ ದೋಣಿಗಳ ಮಟ್ಟಿಗೆ ಇದು ಸಹಜವೇ ಸರಿ. ಅವುಗಳಿಗೆ ಉಪಕರಣವೆಂದರೆ ಅಂಬಿಗನ ಕಣ್ಣು ಮತ್ತು ಹುಟ್ಟು. ಆದರೆ ಜಲಾಶಯವು ನದಿಯಲ್ಲ. ಅದರ ತಳದಲ್ಲಿ ಮುಳುಗಡೆಯಾದ ಊರುಗಳ ಗೋಡೆಗಳು, ಬಾವಿಯ ಕಟ್ಟೆಗಳು, ಒಣಗಿ ನಿಂತ ಮರಗಳು ಇವೆ. ನೀರಿನ ಮಟ್ಟ ಇಳಿದಂತೆಲ್ಲ ಇವು ಮೇಲ್ಮೈಗೆ ಹತ್ತಿರವಾಗುತ್ತವೆ. ಮೊನ್ನೆ ನಿರಾಯಾಸವಾಗಿ ದಾಟಿದ ದಾರಿಯಲ್ಲಿಯೇ ಇಂದು ದೋಣಿಯ ತಳ ಒಡೆಯಬಹುದು. ಪ್ರವಾಹ ಕಾಲದಲ್ಲಿ ಈ ತೊಂದರೆ ಇನ್ನೂ ಹೆಚ್ಚು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಭಾಗದ ಹೊಲಗಳ ಮೇಲೆ ಹರಿದಾಗ ದಡವೆಂಬುದೇ ಉಳಿದಿರಲಿಲ್ಲ. ಇಂತಹ ನೀರಿನಲ್ಲಿ ರಾತ್ರಿ ಹೊತ್ತು ದೋಣಿ ನಡೆಸುವವನಿಗೆ ಆಳ ಎಷ್ಟು, ತಾನು ಎಲ್ಲಿದ್ದೇನೆ, ಯಾವ ದಿಕ್ಕಿಗೆ ಹೋಗುತ್ತಿದ್ದೇನೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಆಳಮಾಪಕ, ಜಿಪಿಎಸ್ ಮತ್ತು ದಿಕ್ಸೂಚಿ ಇರುವುದು ಇದಕ್ಕಾಗಿಯೇ.

ಈ ಉಪಕರಣಗಳನ್ನು ಇಂದು ಯಾರು ಬೇಕಾದರೂ ಕೊಳ್ಳಬಹುದು. ಅವು ಕೈಕೊಡುವುದು ಹೆಚ್ಚಾಗಿ ತಯಾರಿಕೆಯ ದೋಷದಿಂದಲ್ಲ, ಕೂರಿಸುವಾಗ ಆದ ತಪ್ಪಿನಿಂದ. ಇದನ್ನು ಅರಿಯಲು ಚಿಕ್ಕ ಹಾಯಿದೋಣಿಗಿಂತ ಉತ್ತಮ ಉದಾಹರಣೆ ಇನ್ನೊಂದಿಲ್ಲ. ಅದು ಗಾಳಿಗೆ ಒಂದು ಬದಿಗೆ ವಾಲಿಕೊಂಡೇ ಸಾಗುತ್ತದೆ. ಅದರೊಳಗೆ ಒಣಗಿದ ಮೂಲೆಯೆಂಬುದು ಇರುವುದಿಲ್ಲ. ಬ್ಯಾಟರಿ ಚಾರ್ಜ್ ಮಾಡಲು ದೊಡ್ಡ ಇಂಜಿನ್ ಇರುವುದಿಲ್ಲ. ಅಲ್ಲಿ ಸರಿಯಾಗಿ ನಿಲ್ಲುವ ಕೆಲಸವು ಗಸ್ತು ದೋಣಿಯಲ್ಲಿಯೂ, ಮೀನುಗಾರಿಕಾ ದೋಣಿಯಲ್ಲಿಯೂ, ಪ್ರವಾಸಿಗರ ದೋಣಿಯಲ್ಲಿಯೂ ನಿಲ್ಲುತ್ತದೆ. ಈ ಕೆಲಸಕ್ಕೆ ಬೇಕಾದ ಕೌಶಲದ ಬಹುಭಾಗ ಇಂಡಿಯ ಮೋಟರ್ ವೈಂಡಿಂಗ್ ಅಂಗಡಿಗಳಲ್ಲಿ, ಸಿಂದಗಿಯ ಆಟೋ ಎಲೆಕ್ಟ್ರಿಕಲ್ ಶೆಡ್ಡುಗಳಲ್ಲಿ ಈಗಾಗಲೇ ಇದೆ ಎಂಬುದು ಉದ್ದಿಮೆದಾರರು ಗಮನಿಸಬೇಕಾದ ಸಂಗತಿ.

ಮರೆಯಬೇಕಾದ ಒಂದು ಅಭ್ಯಾಸ

ಟ್ರ್ಯಾಕ್ಟರ್, ಲಾರಿಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯನ್ನು ಚಾಸಿಗೆ ಜೋಡಿಸಲಾಗುತ್ತದೆ. ದೀಪಕ್ಕಾಗಲಿ ಹಾರ್ನ್‌ಗಾಗಲಿ ಒಂದೇ ವೈರ್ ಎಳೆದರೆ ಸಾಕು, ಹಿಂದಿರುಗುವ ವಿದ್ಯುತ್ತನ್ನು ಕಬ್ಬಿಣದ ಚಾಸಿಯೇ ಒಯ್ಯುತ್ತದೆ. ನಮ್ಮ ಭಾಗದ ಪ್ರತಿಯೊಬ್ಬ ಆಟೋ ಎಲೆಕ್ಟ್ರಿಷಿಯನ್ನನ ಕೈಗೆ ಈ ಪದ್ಧತಿ ರೂಢಿಯಾಗಿದೆ. ದೋಣಿಯಲ್ಲಿ ಇದು ಸರ್ವಥಾ ಕೂಡದು. ದೋಣಿಯ ಲೋಹದ ಭಾಗಗಳ ಮೂಲಕ ವಿದ್ಯುತ್ ಹರಿಯಲು ಬಿಟ್ಟರೆ, ನೀರಿಗೆ ತಾಗಿರುವ ಲೋಹ ಕೆಲವೇ ವಾರಗಳಲ್ಲಿ ಸವೆದುಹೋಗಬಹುದು. ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿಯಲ್ಲಿ ಬೇಕೆಂದೇ ಮಾಡುವ ಕೆಲಸ ಇಲ್ಲಿ ಬೇಡದೆ ನಡೆಯುತ್ತದೆ. ಆದುದರಿಂದ ಪ್ರತಿ ಉಪಕರಣಕ್ಕೂ ಪಾಸಿಟಿವ್ ಮತ್ತು ನೆಗೆಟಿವ್ ಎರಡು ವೈರ್‌ಗಳು ಬ್ಯಾಟರಿಯ ಪ್ಯಾನೆಲ್ಲಿನಿಂದಲೇ ಬರಬೇಕು.

ಎರಡನೆಯದು ವೈರಿನ ದಪ್ಪ. ಹನ್ನೆರಡು ವೋಲ್ಟಿನ ವ್ಯವಸ್ಥೆಯಲ್ಲಿ ಅರ್ಧ ವೋಲ್ಟ್ ನಷ್ಟವೂ ದೊಡ್ಡದು. ಬ್ಯಾಟರಿಯಿಂದ 6 ಮೀಟರ್ ದೂರದಲ್ಲಿರುವ ರೇಡಿಯೊ, ಮಾತನಾಡುವಾಗ 5 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಹೋಗಿ ಬರುವ ದಾರಿ ಸೇರಿ 12 ಮೀಟರ್. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ. ತಾಮ್ರದ ವೈರ್ ಹಾಕಿದರೆ ಸುಮಾರು 0.7 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ. 4 ಚದರ ಮಿ.ಮೀ. ಹಾಕಿದರೆ ನಷ್ಟ 0.26 ವೋಲ್ಟಿಗೆ ಇಳಿಯುತ್ತದೆ. ಸಂಚಾರ ಉಪಕರಣಗಳಿಗೆ ನಷ್ಟವು ನೂರಕ್ಕೆ 3ರೊಳಗೆ, ಅಂದರೆ 0.36 ವೋಲ್ಟಿನೊಳಗೆ ಇರಬೇಕೆಂಬುದು ದೋಣಿ ಕಟ್ಟುವವರು ಪಾಲಿಸುವ ಕ್ರಮ. ತೆಳು ವೈರ್ ಹಾಕಿ ಉಳಿಸಿದ ನಾಲ್ಕು ಕಾಸಿನ ಫಲವಾಗಿ, ಬ್ಯಾಟರಿ ಅರ್ಧ ಇಳಿದ ಸಮಯದಲ್ಲಿ ರೇಡಿಯೊ ಕೇಳಿಸುತ್ತದೆ, ಆದರೆ ಮಾತನಾಡಲು ಒತ್ತಿದೊಡನೆ ಆರಿಹೋಗುತ್ತದೆ. ಸಹಾಯ ಬೇಕಾಗುವುದು ಸಾಮಾನ್ಯವಾಗಿ ಅದೇ ಹೊತ್ತಿಗೆ.

ಜೋಡಣೆಯ ವಿಷಯದಲ್ಲಿ ಇಲ್ಲಿಯ ಕುಶಲಕರ್ಮಿಗಳು ಕರಾವಳಿಯವರಿಗಿಂತ ಒಂದು ಹೆಜ್ಜೆ ಮುಂದಿದ್ದರೂ ಅಚ್ಚರಿಯಿಲ್ಲ. ಇಂಡಿಯ ನಿಂಬೆ ತೋಟಗಳ ಕೊಳವೆಬಾವಿಗೆ ಸಬ್‌ಮರ್ಸಿಬಲ್ ಮೋಟರ್ ಇಳಿಸುವವನು ನೂರಾರು ಅಡಿ ನೀರಿನೊಳಗೆ ವರ್ಷಗಟ್ಟಲೆ ಬಾಳುವ ಕೇಬಲ್ ಜಾಯಿಂಟ್ ಹಾಕುತ್ತಾನೆ. ತಾಮ್ರವನ್ನು ಶುಚಿಗೊಳಿಸಿ, ಸ್ಲೀವಿನಲ್ಲಿ ಒತ್ತಿ, ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಮೇಲೆ ಪಿವಿಸಿ ಟೇಪ್ ಹಾಕುವ ಆ ಶಿಸ್ತು ದೋಣಿಗೂ ಬೇಕು. ಒಂದೇ ವ್ಯತ್ಯಾಸವೆಂದರೆ, ಕೊಳವೆಬಾವಿಯ ಕೇಬಲ್ ಅಲುಗಾಡದೆ ತೂಗಿರುತ್ತದೆ, ದೋಣಿಯ ವೈರ್ ಸದಾ ನಡುಗುತ್ತಿರುತ್ತದೆ. ಬೆಸುಗೆ ಹಾಕಿದ ವೈರ್ ಬೆಸುಗೆ ಮುಗಿಯುವ ಜಾಗದಲ್ಲಿ ಗಡುಸಾಗಿ, ನಡುಗಿ ನಡುಗಿ ಅಲ್ಲಿಯೇ ತುಂಡಾಗುತ್ತದೆ. ಆದ್ದರಿಂದ ದೋಣಿಯಲ್ಲಿ ಬೆಸುಗೆಯನ್ನು ಮಾತ್ರ ನಂಬದೆ, ಸರಿಯಾದ ಅಳತೆಯ ಲಗ್ ಹಾಕಿ ಕ್ರಿಂಪಿಂಗ್ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಬೇಕು. ಇಕ್ಕುಳದಲ್ಲಿ ಜಜ್ಜುವುದನ್ನು ಕ್ರಿಂಪಿಂಗ್ ಎನ್ನಲಾಗದು. ತವರ ಲೇಪಿತ ತಾಮ್ರದ ವೈರ್ ದೊರೆತರೆ ಸಮುದ್ರದ ಕೆಲಸಕ್ಕೆ ಅದೇ ಒಳ್ಳೆಯದು. ಮುಖ್ಯ ಫ್ಯೂಸ್ ಬ್ಯಾಟರಿಗೆ ಗೇಣು ದೂರದೊಳಗೇ ಇರಬೇಕು. ಫ್ಯೂಸ್ ಇರುವುದು ವೈರಿಗೆ ಬೆಂಕಿ ಹತ್ತದಂತೆ ಕಾಯಲು. ಉಪಕರಣವನ್ನು ಕಾಯಲು ಅದರದೇ ಚಿಕ್ಕ ಫ್ಯೂಸ್ ಬೇರೆ ಇರುತ್ತದೆ.

ಆಳಮಾಪಕ: ಎಲ್ಲಿ, ಹೇಗೆ

ಆಳಮಾಪಕದ ಕಣ್ಣು ಅದರ ಟ್ರಾನ್ಸ್‌ಡ್ಯೂಸರ್. ಅದು ನೀರಿಗೆ ಶಬ್ದದ ಮಿಡಿತವನ್ನು ಕಳುಹಿಸಿ, ತಳಕ್ಕೆ ಬಡಿದು ಹಿಂದಿರುಗುವ ಪ್ರತಿಧ್ವನಿಯ ಕಾಲವನ್ನು ಎಣಿಸುತ್ತದೆ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. 10 ಮೀಟರ್ ಆಳದಲ್ಲಿ ಪ್ರತಿಧ್ವನಿ ಬರಲು ಹಿಡಿಯುವ ಕಾಲ ಒಂದು ಸೆಕೆಂಡಿನ ಎಪ್ಪತ್ತೈದರಲ್ಲಿ ಒಂದು ಭಾಗ. ಸಮುದ್ರಕ್ಕೆಂದು ಮಾಡಿದ ಯಂತ್ರವನ್ನು ಆಲಮಟ್ಟಿಯ ಸಿಹಿನೀರಿನಲ್ಲಿ ಬಳಸಿದರೂ ಆಗುವ ವ್ಯತ್ಯಾಸ ನೂರಕ್ಕೆ ಕೆಲವೇ ಪಾಲು. ಹಿನ್ನೀರಿನಂತಹ ಕಡಿಮೆ ಆಳಕ್ಕೆ 200 ಕಿಲೋಹರ್ಟ್ಸ್ ಸೂಕ್ತ. 50 ಕಿಲೋಹರ್ಟ್ಸ್ ಆಳಸಮುದ್ರಕ್ಕೆ.

ಶಬ್ದಕ್ಕೆ ಗಾಳಿಯೇ ಶತ್ರು. ಟ್ರಾನ್ಸ್‌ಡ್ಯೂಸರ್‌ ಮತ್ತು ನೀರಿನ ನಡುವೆ ಒಂದು ತೆಳುವಾದ ಗಾಳಿಯ ಪದರವಿದ್ದರೂ ಅಳತೆ ಕೆಡುತ್ತದೆ. ಗಟ್ಟಿ ಎಫ್‌ಆರ್‌ಪಿ ತಳವಿರುವ ದೋಣಿಯಲ್ಲಿ ತೂತು ಕೊರೆಯದೆ, ಒಳಗಿನಿಂದಲೇ ಇಪಾಕ್ಸಿಯಲ್ಲಿ ಗುಳ್ಳೆ ಇಲ್ಲದಂತೆ ಅಂಟಿಸಬಹುದು. ತಳದ ಎರಡು ಪದರಗಳ ನಡುವೆ ಫೋಮ್ ಅಥವಾ ಹಗುರ ಮರ ತುಂಬಿದ್ದರೆ, ಇಲ್ಲವೇ ದೋಣಿಯೇ ಮರದ್ದಾಗಿದ್ದರೆ ಈ ಉಪಾಯ ನಡೆಯದು. ಆಗ ತಳದಲ್ಲಿ ತೂತು ಕೊರೆಯಬೇಕು ಅಥವಾ ಹಿಂಬದಿಯ ಹಲಗೆಗೆ ಬ್ರಾಕೆಟ್ ಹಾಕಿ ನೀರಿನೊಳಗೆ ಇಳಿಬಿಡಬೇಕು. ಹಾಯಿದೋಣಿ ವಾಲುವುದರಿಂದ ಹಿಂಬದಿ ಹಲಗೆಯ ಮೂಲೆ ನೀರಿನಿಂದ ಮೇಲೆದ್ದುಬಿಡುವ ಸಂಭವವಿದೆ. ಅದಕ್ಕೆ ನಡುಭಾಗದ ತಳವೇ ಮೇಲು. ರಕ್ಷಣಾ ಕಾರ್ಯದ ಗಾಳಿ ತುಂಬಿದ ರಬ್ಬರ್ ದೋಣಿಗಾದರೋ, ಹಿಂಬದಿಯ ಗಟ್ಟಿ ಹಲಗೆಗೆ ಸಿಕ್ಕಿಸಿ ತೆಗೆಯುವ ಬ್ರಾಕೆಟ್ ಬಿಟ್ಟರೆ ಬೇರೆ ದಾರಿ ಇಲ್ಲ. ಅದನ್ನು ಬಾಗೇವಾಡಿಯ ಒಂದು ಸಾಧಾರಣ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿಯೇ ಮಾಡಬಹುದು.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಯಂತ್ರ ತೋರಿಸುವುದು ಟ್ರಾನ್ಸ್‌ಡ್ಯೂಸರಿನಿಂದ ತಳದವರೆಗಿನ ದೂರವನ್ನು. ಹಾಯಿದೋಣಿಯ ಕೆಳಗೆ ಕೀಲ್ ಎಂಬ ಭಾರವಾದ ರೆಕ್ಕೆ ಇಳಿದಿರುತ್ತದೆ. ಅದು ಟ್ರಾನ್ಸ್‌ಡ್ಯೂಸರಿಗಿಂತ 80 ಸೆಂ.ಮೀ. ಕೆಳಗಿದ್ದರೆ, ಪರದೆಯ ಮೇಲೆ 1.2 ಮೀಟರ್ ಎಂದು ಕಂಡಾಗ ಕೀಲಿನ ಕೆಳಗೆ ಉಳಿದಿರುವುದು 40 ಸೆಂ.ಮೀ. ಮಾತ್ರ. ಈ ಅಂತರವನ್ನು ಯಂತ್ರಕ್ಕೆ ತಿಳಿಸುವ ವ್ಯವಸ್ಥೆ ಎಲ್ಲ ಮಾದರಿಗಳಲ್ಲಿಯೂ ಸಾಮಾನ್ಯವಾಗಿ ಇರುತ್ತದೆ. ಕೂರಿಸಿದವನು ಅದನ್ನು ತುಂಬದೆ ಬಿಲ್ಲು ಕೊಟ್ಟು ಹೋದರೆ ಆ ಕೆಲಸ ಪೂರ್ಣವಾಯಿತೆನ್ನಲಾಗದು.

ದಿಕ್ಸೂಚಿಯ ನೆರೆಹೊರೆ

ನಮ್ಮ ಭಾಗದಲ್ಲಿ ಕಾಂತೀಯ ಉತ್ತರಕ್ಕೂ ಭೂಗೋಲದ ಉತ್ತರಕ್ಕೂ ಇರುವ ಅಂತರ ಎರಡು ಡಿಗ್ರಿಗಿಂತ ಕಡಿಮೆ. ಯುರೋಪಿನ ಅಥವಾ ಅಮೆರಿಕದ ನಾವಿಕರಿಗೆ ಈ ಅನುಕೂಲ ಎಲ್ಲೆಡೆ ಇಲ್ಲ. ಹಾಗಾಗಿ ಇಲ್ಲಿ ದಿಕ್ಸೂಚಿ ಹೆಚ್ಚು ತಪ್ಪು ತೋರಿಸಿದರೆ ಆ ತಪ್ಪು ದೋಣಿಯದೇ. ಪಕ್ಕದಲ್ಲಿ ಕೂರಿಸಿದ ಸ್ಪೀಕರಿನ ಆಯಸ್ಕಾಂತ, ಕಬ್ಬಿಣದ ಉಪಕರಣ ಪೆಟ್ಟಿಗೆ, ಹಿಂದೆ ಹಾದುಹೋದ ವೈರ್ ಇವೆಲ್ಲ ಮುಳ್ಳನ್ನು ಎಳೆಯುತ್ತವೆ. ಐದು ಡಿಗ್ರಿ ತಪ್ಪಿದರೆ 10 ಕಿ.ಮೀ. ಸಾಗುವಷ್ಟರಲ್ಲಿ ದೋಣಿ ಸುಮಾರು 870 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ.

ಪರಿಹಾರ ಸರಳ. ದಿಕ್ಸೂಚಿಯನ್ನು ರೇಡಿಯೊ ಮತ್ತು ಸ್ಪೀಕರುಗಳಿಂದ ಒಂದು ಮೀಟರಿನಷ್ಟಾದರೂ ದೂರವಿಡುವುದು, ಹತ್ತಿರ ಹಾಯಲೇಬೇಕಾದ ಪಾಸಿಟಿವ್, ನೆಗೆಟಿವ್ ವೈರ್‌ಗಳನ್ನು ಹುರಿಯಂತೆ ಹೆಣೆಯುವುದು, ಹಿತ್ತಾಳೆ ಸ್ಕ್ರೂ ಬಳಸುವುದು. ನಂತರ ದಡದಲ್ಲಿ ಗೊತ್ತಿರುವ ಗುರುತುಗಳನ್ನು ನೋಡುತ್ತ ದೋಣಿಯನ್ನು ಒಂದು ಸುತ್ತು ತಿರುಗಿಸಿ, ಪ್ರತಿ ದಿಕ್ಕಿನಲ್ಲಿ ಎಷ್ಟು ತಪ್ಪಿದೆಯೆಂದು ಚೀಟಿಯಲ್ಲಿ ಬರೆದು ಅಂಟಿಸಬೇಕು. ಎಲ್ಲ ಯಂತ್ರಗಳನ್ನೂ ಚಾಲೂ ಮಾಡಿ ಒಮ್ಮೆ, ಆರಿಸಿ ಇನ್ನೊಮ್ಮೆ ಈ ಪರೀಕ್ಷೆ ನಡೆಯಬೇಕು. ಜಿಪಿಎಸ್ ಇರುವಾಗ ಇಷ್ಟೆಲ್ಲ ಏಕೆಂದು ಕೇಳುವವರುಂಟು. 2000ದ ಮೇ ತಿಂಗಳಲ್ಲಿ ಅಮೆರಿಕವು ಜಿಪಿಎಸ್‌ನಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿದ ಬಳಿಕ ಸಾಮಾನ್ಯ ಯಂತ್ರವೂ ಕೆಲವೇ ಮೀಟರುಗಳೊಳಗೆ ಸ್ಥಾನ ಹೇಳುತ್ತದೆ, ನಿಜ. ಆದರೆ ನಿಂತ ದೋಣಿಯ ಮೂತಿ ಯಾವ ಕಡೆಗಿದೆ ಎಂಬುದನ್ನು ಅದು ಹೇಳಲಾರದು. ಬ್ಯಾಟರಿ ಸತ್ತ ಮೇಲೆ ಏನನ್ನೂ ಹೇಳಲಾರದು.

ತೂತು, ಸ್ಕ್ರೂ, ಅಂಟು

ಉಪಕರಣ ಕೂರಿಸುವುದೆಂದರೆ ದೋಣಿಗೆ ತೂತು ಕೊರೆಯುವುದು. ಎಫ್‌ಆರ್‌ಪಿ ಡೆಕ್ಕಿನ ಒಳಗೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇದ್ದಲ್ಲಿ ಸ್ಕ್ರೂ ಹೋದ ದಾರಿಯಲ್ಲಿ ನೀರೂ ಹೋಗುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಡೆಕ್ ಒಳಗಿನಿಂದ ಕೊಳೆಯುತ್ತದೆ. ಅನುಭವಿಗಳು ಮೊದಲು ದೊಡ್ಡ ತೂತು ಕೊರೆದು, ಇಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂ ಅಳತೆಯ ತೂತು ಕೊರೆಯುತ್ತಾರೆ. ಕೆಲಸ ಒಂದು ದಿನ ಹೆಚ್ಚು ಹಿಡಿಯುತ್ತದೆ. ಗ್ರಾಹಕನಿಗೆ ಇದನ್ನು ಮೊದಲೇ ತಿಳಿಸಿ ದರ ಹೇಳುವುದು ಒಳಿತು.

ಪೇಟೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸ್ಟೇನ್‌ಲೆಸ್ ಎಂದು ಮಾರುವ ಸ್ಕ್ರೂ ಬಹುತೇಕ 304 ದರ್ಜೆಯದು. ಜಲಾಶಯಕ್ಕೆ ಅದು ಸಾಕು, ಸಮುದ್ರಕ್ಕೆ 316 ಬೇಕು. ಬೋಲ್ಟಿನ ತಲೆಯ ಮೇಲೆ ಎ2 ಎಂದಿದ್ದರೆ ಮೊದಲನೆಯದು, ಎ4 ಎಂದಿದ್ದರೆ ಎರಡನೆಯದು. ಆಯಸ್ಕಾಂತ ಹಿಡಿದು ನೋಡಿ ಇವೆರಡನ್ನು ಬೇರ್ಪಡಿಸಲಾಗದು. ಅಲ್ಯೂಮಿನಿಯಂ ಹಾಯಿಕಂಬಕ್ಕೆ ಸ್ಟೀಲ್ ಸ್ಕ್ರೂ ನೇರವಾಗಿ ತಿರುಗಿಸಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ನಡುವೆ ನಿರೋಧಕ ಪೇಸ್ಟ್ ಹಚ್ಚಬೇಕು. ಸ್ನಾನದ ಮನೆಗೆ ಬಳಸುವ, ವಿನಿಗರ್ ವಾಸನೆಯ ಸಿಲಿಕೋನ್ ಅಂಟನ್ನು ವಿದ್ಯುತ್ ಜೋಡಣೆಯ ಹತ್ತಿರ ತರಲೇಬಾರದು. ಆ ವಾಸನೆ ಅಸಿಟಿಕ್ ಆಮ್ಲದ್ದು, ಅದು ತಾಮ್ರವನ್ನು ತಿನ್ನುತ್ತದೆ. ಉಪಕರಣದ ಮೇಲೆ ಐಪಿಎಕ್ಸ್7 ಎಂದಿದ್ದರೆ ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ ಎಂದರ್ಥ. ಆದರೆ ಹಿಂಬದಿಯ ಪ್ಲಗ್ಗನ್ನು ಬಿಗಿಯದೆ ಬಿಟ್ಟರೆ ಆ ಅಂಕಿಗೆ ಬೆಲೆಯಿಲ್ಲ.

ಕಂಬ ಮುರಿದಾಗ

ರೇಡಿಯೊದ ಆಂಟೆನಾ ಎತ್ತರದಲ್ಲಿದ್ದಷ್ಟೂ ಮಾತು ದೂರ ಮುಟ್ಟುತ್ತದೆ. ನೀರಿನಿಂದ ಎರಡು ಮೀಟರ್ ಮೇಲಿರುವ ಎರಡು ಆಂಟೆನಾಗಳ ನಡುವೆ ವಿಎಚ್‌ಎಫ್ ಸುಮಾರು 12 ಕಿ.ಮೀ. ಕೇಳಿಸಿದರೆ, ಎರಡೂ 10 ಮೀಟರ್ ಎತ್ತರದಲ್ಲಿದ್ದಾಗ ಸುಮಾರು 26 ಕಿ.ಮೀ. ಮುಟ್ಟುತ್ತದೆ. ಆದುದರಿಂದ ಹಾಯಿದೋಣಿಯಲ್ಲಿ ಅದನ್ನು ಕಂಬದ ತುದಿಗೇ ಕಟ್ಟುವುದು ವಾಡಿಕೆ. ಜಿಪಿಎಸ್ ಆಂಟೆನಾಕ್ಕೆ ಎತ್ತರ ಬೇಡ, ತೆರೆದ ಆಕಾಶವಿದ್ದರೆ ಸಾಕು. ಕಂಬದ ತುದಿಯಲ್ಲಿ ಅದು ತೂಗಾಡಿ ವೃಥಾ ಗೊಂದಲ ಹುಟ್ಟಿಸುತ್ತದೆ.

ಆದರೆ ಕಂಬವೇ ಹೋದರೆ? ನೌಕಾಪಡೆಯ ಅಭಿಲಾಷ್ ಟೋಮಿ ಅವರ ಪ್ರಸಂಗ ಇಲ್ಲಿ ನೆನೆಯತಕ್ಕದ್ದು. ಹಳೆಯ ಕಾಲದ ಸಾಧನಗಳಿಂದಲೇ ಏಕಾಂಗಿಯಾಗಿ ಭೂಪ್ರದಕ್ಷಿಣೆ ಮಾಡಬೇಕಾದ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಅವರು 'ತುರಿಯಾ' ಎಂಬ ಚಿಕ್ಕ ಹಾಯಿದೋಣಿ ನಡೆಸುತ್ತಿದ್ದರು. 2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ದೋಣಿ ಮಗುಚಿ ಕಂಬ ಮುರಿಯಿತು. ಅವರ ಬೆನ್ನುಮೂಳೆಗೆ ತೀವ್ರ ಪೆಟ್ಟಾಗಿ ಮೇಲೇಳಲೂ ಆಗಲಿಲ್ಲ. ಹೊರಜಗತ್ತಿಗೆ ಸುದ್ದಿ ಮುಟ್ಟಿದ್ದು ಕಂಬವನ್ನು ಅವಲಂಬಿಸದ ತುರ್ತು ಸಂಕೇತ ಸಾಧನ ಮತ್ತು ಉಪಗ್ರಹದ ಮೂಲಕ ಕಿರುಸಂದೇಶ ಕಳುಹಿಸುವ ಚಿಕ್ಕ ಯಂತ್ರದಿಂದ. ಸೆಪ್ಟೆಂಬರ್ 24ರಂದು ಫ್ರಾನ್ಸಿನ 'ಒಸಿರಿಸ್' ಹಡಗು ಅವರನ್ನು ಕಾಪಾಡಿತು. ಮುಂದಿನ ಸ್ಪರ್ಧೆಯಲ್ಲಿ, 2023ರ ಏಪ್ರಿಲ್‌ನಲ್ಲಿ, ಅವರು ಎರಡನೆಯವರಾಗಿ ಗುರಿ ಮುಟ್ಟಿದರು.

ಕೂರಿಸುವವನು ಇದರಿಂದ ತಿಳಿಯಬೇಕಾದುದು ಇಷ್ಟೇ. ಒಂದಾದರೂ ಸಂಪರ್ಕ ಸಾಧನ ತನ್ನದೇ ಬ್ಯಾಟರಿಯಿಂದ ನಡೆಯಬೇಕು, ಕಂಬಕ್ಕೂ ಮುಖ್ಯ ಪ್ಯಾನೆಲ್ಲಿಗೂ ಸಂಬಂಧವಿಲ್ಲದಿರಬೇಕು, ಬಿದ್ದ ಮನುಷ್ಯನ ಕೈಗೆ ಎಟುಕುವಂತಿರಬೇಕು. ಕರ್ನಾಟಕದ ಕರಾವಳಿಯೂ ಇಂತಹ ನೋವನ್ನು ಕಂಡಿದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೊರಟ 'ಸುವರ್ಣ ತ್ರಿಭುಜ' ದೋಣಿ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಕರಾವಳಿಯಾಚೆ ಸಮುದ್ರದ ತಳದಲ್ಲಿ ಪತ್ತೆಯಾದ ಸುದ್ದಿ ಬಂದದ್ದು 2019ರ ಮೇ ತಿಂಗಳಲ್ಲಿ. ಅಷ್ಟು ಕಾಲ ಏಳು ಮನೆಗಳು ದಾರಿ ಕಾಯುತ್ತ ಕುಳಿತಿದ್ದವು.

ವ್ಯಾಪಾರದ ಲೆಕ್ಕ

ಇಂಡಿಯಲ್ಲಿ ಅಂಗಡಿ ತೆರೆದು ಹಾಯಿದೋಣಿಯ ಗಿರಾಕಿಗಾಗಿ ಕಾಯುವವನು ಕಾಯುತ್ತಲೇ ಇರಬೇಕಾದೀತು. ಈ ನಾಲ್ಕು ತಾಲ್ಲೂಕುಗಳಲ್ಲಿ ಅಂತಹ ಪೇಟೆ ಇಲ್ಲ, ಇದೆಯೆಂದು ಹೇಳಿ ಯಾರನ್ನೂ ಹುರಿದುಂಬಿಸುವುದು ಸರಿಯಲ್ಲ. ಇರುವುದು ಹಿನ್ನೀರಿನ ಯಂತ್ರದೋಣಿಗಳ ದುರಸ್ತಿ ಮತ್ತು ಕರಾವಳಿಗೆ ಬಿಡಿಭಾಗಗಳ ಪೂರೈಕೆ. 'ತುರಿಯಾ', ಅದಕ್ಕೂ ಮೊದಲಿನ ನೌಕಾಪಡೆಯ 'ಮಾದೇಯಿ', 2017ರಲ್ಲಿ ಸೇವೆಗೆ ಸೇರಿದ 'ತಾರಿಣಿ' ಈ ಮೂರೂ ಕಟ್ಟಲ್ಪಟ್ಟದ್ದು ಯಾವುದೇ ಭಾರಿ ಸರಕಾರಿ ಕಾರ್ಖಾನೆಯಲ್ಲಿ ಅಲ್ಲ, ಗೋವೆಯ ಅಕ್ವೇರಿಯಸ್ ಎಂಬ ಖಾಸಗಿ ಶಿಪ್‌ಯಾರ್ಡಿನಲ್ಲಿ. ಅದೇ ತಾರಿಣಿಯಲ್ಲಿ ನೌಕಾಪಡೆಯ ಇಬ್ಬರು ಮಹಿಳಾ ಅಧಿಕಾರಿಗಳು 2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು, 2025ರ ಮೇ 29ರಂದು ಭೂಪ್ರದಕ್ಷಿಣೆ ಮುಗಿಸಿ ಹಿಂದಿರುಗಿದರು. ಗೋವೆ ವಿಜಯಪುರದಿಂದ ಲಾರಿಗೆ ಒಂದು ರಾತ್ರಿಯ ದಾರಿ.

ಇನ್ನೊಂದೆಡೆ, ದೇಶದ ಮೀನುಗಾರಿಕಾ ದೋಣಿಗಳಿಗೆ ಒಂದು ಲಕ್ಷ ಟ್ರಾನ್ಸ್‌ಪಾಂಡರ್ ಅಳವಡಿಸುವ ಕೇಂದ್ರ ಸರಕಾರದ 364 ಕೋಟಿ ರೂಪಾಯಿಯ ಯೋಜನೆಗೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ದೊರೆಯಿತು. ಯಂತ್ರ ಸರಕಾರದ್ದಾದರೂ ಅದನ್ನು ಹೊತ್ತ ದೋಣಿಗಳಿಗೆ ಬ್ರಾಕೆಟ್ಟು, ಕ್ಲಾಂಪು, ಬ್ಯಾಟರಿ ಪೆಟ್ಟಿಗೆ, ಫ್ಯೂಸ್ ಪ್ಯಾನೆಲ್, ಸೌರಫಲಕದ ಚೌಕಟ್ಟು ನಿರಂತರವಾಗಿ ಬೇಕಾಗುತ್ತವೆ. ಇವುಗಳಲ್ಲಿ ಯಾವುದೂ ನಮ್ಮ ಶೆಡ್ಡುಗಳ ಶಕ್ತಿ ಮೀರಿದ್ದಲ್ಲ. ಕಡಿಮೆ ಬಂಡವಾಳದವರು ಬ್ಯಾಟರಿ ಪೆಟ್ಟಿಗೆಯಿಂದ ಆರಂಭಿಸುವುದು ಲೇಸು.

ಯಂತ್ರಗಳನ್ನೇ ತರಿಸಿ ಮಾರಬಯಸುವವರು ಸುಂಕದ ವರ್ಗೀಕರಣವನ್ನು ಮೊದಲೇ ನೋಡಿಕೊಳ್ಳಬೇಕು. ಜಿಪಿಎಸ್‌ನಂತಹ ರೇಡಿಯೊ ಸಂಚಾರ ಸಾಧನಗಳು 8526ರಡಿ, ದಿಕ್ಸೂಚಿ ಮತ್ತು ಆಳಮಾಪಕಗಳು 9014ರಡಿ ಬರುತ್ತವೆ. ಒಂದೇ ಪೆಟ್ಟಿಗೆಯಲ್ಲಿ ಎರಡೂ ಸೇರಿರುವ ಮಾದರಿಗಳ ಬಗ್ಗೆ ತೆರಿಗೆ ಸಲಹೆಗಾರರನ್ನು ಕೇಳುವುದು ಕ್ಷೇಮ. ವಿಎಚ್‌ಎಫ್ ಸೆಟ್ಟಿಗೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಯಂತ್ರಚಾಲಿತ ಒಳನಾಡು ದೋಣಿಗಳ ನೋಂದಣಿ, ದೀಪ, ಸುರಕ್ಷತಾ ಸಾಧನಗಳ ವಿಷಯಗಳು, 1917ರ ಹಳೆಯ ಕಾನೂನಿನ ಸ್ಥಾನಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯಡಿ ಬರುತ್ತವೆ.

ಕೆಲಸ ಒಪ್ಪಿಸುವ ದಿನ ಗ್ರಾಹಕನಿಗೆ ಬಿಲ್ಲಿನೊಡನೆ ವೈರಿಂಗ್ ನಕ್ಷೆ, ಪ್ರತಿ ಫ್ಯೂಸಿನ ಅಳತೆ, ದಿಕ್ಸೂಚಿಯ ತಪ್ಪಿನ ಚೀಟಿ ಮತ್ತು ಆಳಮಾಪಕಕ್ಕೆ ತುಂಬಿದ ಅಂತರ ಇಷ್ಟನ್ನೂ ಬರೆದು ಕೊಡಬೇಕು. ಒಂದು ತಿಂಗಳ ನಂತರ ದೋಣಿ ಇರುವಲ್ಲಿಗೆ ಹೋಗಿ ಪ್ರತಿ ಲಗ್ಗನ್ನೂ ಕೈಯಿಂದ ಎಳೆದು ನೋಡುವ ಖರ್ಚನ್ನು ಮೊದಲ ದರದಲ್ಲಿಯೇ ಸೇರಿಸಿಕೊಳ್ಳುವುದು ಉತ್ತಮ. ಸಡಿಲ ಜೋಡಣೆ ಕಾಣಿಸಿಕೊಳ್ಳುವುದು ಮೊದಲ ದಿನವಲ್ಲ, ನೀರಿನ ಮೇಲೆ ತಿಂಗಳೊಪ್ಪತ್ತು ನಡುಗಿದ ಮೇಲೆ.